ತಾರಸಿಗೆ ಬರುವ ಹಕ್ಕಿಗಳಿಗೆ ಮನೆಯಲ್ಲೇ ಏನು ಮಾಡಿಡಬಹುದು? ತುಪ್ಪದ ಉಂಡೆ ಇಟ್ಟು ತಪ್ಪು ಮಾಡಿದೆ

ಸೀಬೆಮರದ ಮನೆ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ಮಹಡಿಯ ಮನೆ. ಮೇಲೆ ತಾರಸಿ, ಹಿಂದೆ ಸೀಬೆ ಮರ, ಪಕ್ಕದ ಖಾಲಿ ಸೈಟಿನಲ್ಲಿ ಒಂದು ಗಸಗಸೆ ಹಣ್ಣಿನ ಮರ. ಗುಬ್ಬಿ ಏಳೆಂಟು ಬರುತ್ತವೆ. ಗೊರವಂಕ, ಪಿಕಳಾರ, ಅಳಿಲು ದಿನಾ ಇದ್ದೇ ಇರುತ್ತವೆ.

ಹೋದ ತಿಂಗಳು ಒಂದು ವಿಡಿಯೋ ನೋಡಿದೆ. ಹಿಮ ಬೀಳುವ ಯಾವುದೋ ಊರು. ಕೊಬ್ಬು ಕರಗಿಸಿ, ಕಾಳು ಕಲಸಿ, ಉಂಡೆ ಮಾಡಿ ಮರಕ್ಕೆ ತೂಗುಹಾಕುತ್ತಾರೆ. ನಾನು ಕೊಬ್ಬಿನ ಬದಲು ತುಪ್ಪ ಹಾಕಿದೆ. ಬೆಲ್ಲ, ಕಡಲೆಕಾಯಿ ಬೀಜ, ಸಜ್ಜೆ ಸೇರಿಸಿದೆ. ಮಕ್ಕಳಿಗೆ ತಂಬಿಟ್ಟು ಕಟ್ಟುವ ಹಾಗೇ ಕಟ್ಟಿದೆ.

ಬೆಳಿಗ್ಗೆ ಇಟ್ಟಿದ್ದು. ಮಧ್ಯಾಹ್ನದ ಬಿಸಿಲಿಗೆ ಉಂಡೆ ಕುಸಿದು ತಟ್ಟೆ ತುಂಬಾ ತುಪ್ಪ. ಒಂದು ಹೆಣ್ಣು ಗುಬ್ಬಿ ಅದರ ಮೇಲೇ ಕೂತು ತಿಂದಿದೆ. ಸಂಜೆ ನೋಡಿದರೆ ಎದೆಯ ಗರಿಯೆಲ್ಲಾ ಒಂದಕ್ಕೊಂದು ಅಂಟಿ ಎಳೆಎಳೆಯಾಗಿತ್ತು. ಮಧ್ಯೆ ಕೆಂಪಗೆ ಚರ್ಮ ಕಾಣುತ್ತಿತ್ತು. ಪಾಪ, ಕಂಬಿಗೆ ಎದೆ ಒರೆಸುತ್ತೆ, ಕೊಕ್ಕಿನಿಂದ ಎಳೆಯುತ್ತೆ, ಮತ್ತೆ ಒರೆಸುತ್ತೆ. ಎರಡು ದಿನ ಬಂತು. ಮೂರನೇ ದಿನದಿಂದ ಕಾಣಲೇ ಇಲ್ಲ.

ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ಏನೂ ಇಡದೆ ಸುಮ್ನೆ ಇರೋಣ ಅಂದರೆ ಬೆಳಿಗ್ಗೆ ಆರೂವರೆಗೆ ಬಂದು ಖಾಲಿ ತಟ್ಟೆಯ ಅಂಚಿನಲ್ಲಿ ಕೂರುತ್ತವೆ. ಅನುಭವ ಇರುವವರು ಹೇಳಿ. ನಮ್ಮ ಬಿಸಿಲಿಗೆ, ನಮ್ಮ ಹಕ್ಕಿಗಳಿಗೆ ಮನೆಯಲ್ಲಿ ಏನು ಮಾಡಿಟ್ಟರೆ ಒಳ್ಳೆಯದು?

ಹಳ್ಳಿ ಪಶುವೈದ್ಯ

ಮೇಡಂ, ನೀವು ಪ್ರೀತಿಯಿಂದಲೇ ಮಾಡಿದ್ದೀರಿ. ಅಲ್ಲಿ ಸರಿಹೋಗುವುದು ಇಲ್ಲಿ ಸರಿಹೋಗಲಿಲ್ಲ, ಅಷ್ಟೇ. ಹಿಮದ ಊರಿನಲ್ಲಿ ಕೊಬ್ಬು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತೆ. ನಮ್ಮಲ್ಲಿ ತುಪ್ಪ, ಡಾಲ್ಡಾ, ಬೆಣ್ಣೆ ಯಾವುದೂ ಬೇಡ. ಗರಿಗೆ ಜಿಡ್ಡು ಹತ್ತಿದರೆ ಗರಿಗಳ ನಡುವೆ ಗಾಳಿ ನಿಲ್ಲುವುದಿಲ್ಲ. ಮಳೆನೀರು ನೇರ ಮೈಗೆ ಇಳಿಯುತ್ತೆ, ರಾತ್ರಿ ಚಳಿ ತಡೆಯುವುದಿಲ್ಲ.

ಅಡುಗೆಮನೆಯಿಂದ ಏನೇ ತಂದರೂ ಮೊದಲು ಉಪ್ಪು ನೋಡಿ. ಒಂದು ಗುಬ್ಬಿ ತೂಗುವುದೇ 25 ಗ್ರಾಂ ಆಸುಪಾಸು. ನಮಗೆ ಚಿಟಿಕೆ ಅನ್ನಿಸುವ ಉಪ್ಪು ಅದಕ್ಕೆ ತುಂಬಾ ಜಾಸ್ತಿ. ಹಾಗಾಗಿ ಖಾರ ಶೇಂಗಾ, ಚೌಚೌ, ಚಿಪ್ಸ್, ಉಪ್ಪಿಟ್ಟು, ಚಿತ್ರಾನ್ನ, ಬಿಸ್ಕತ್ತು ಬೇಡವೇ ಬೇಡ. ಒಗ್ಗರಣೆ ಅನ್ನದಲ್ಲಿ ಈರುಳ್ಳಿಯೂ ಇರುತ್ತೆ, ಅದೂ ಹಕ್ಕಿಗೆ ಕೆಟ್ಟದ್ದು. ಚಾಕೊಲೇಟ್ ಮತ್ತು ಬೆಣ್ಣೆಹಣ್ಣು ವಿಷವೇ. ಹಾಲು ಹಕ್ಕಿಗೆ ಜೀರ್ಣ ಆಗುವುದಿಲ್ಲ, ಹಾಲಿನಲ್ಲಿ ನೆನೆಸಿದ ಬ್ರೆಡ್ ಇಡಬೇಡಿ. ಬರೀ ಬ್ರೆಡ್ ವಿಷ ಅಲ್ಲ, ಆದರೆ ಹೊಟ್ಟೆ ತುಂಬಿಸಿ ಸತ್ವ ಕೊಡದ ತಿಂಡಿ.

ಇನ್ನೊಂದು ವಿಷಯ ನಮ್ಮ ಹಳ್ಳಿ ಕಡೆಯವರಿಗೆ. ಬಿತ್ತನೆಗೆ ತಂದು ಉಳಿದ ಬೀಜವನ್ನು ಹಕ್ಕಿಗೆ ಹಾಕಲೇಬೇಡಿ. ಪ್ಯಾಕೆಟ್ಟಿನ ಜೋಳ, ಸಜ್ಜೆ, ಮುಸುಕಿನ ಜೋಳಕ್ಕೆ ಬೀಜೋಪಚಾರ ಆಗಿರುತ್ತೆ. ಗುಲಾಬಿಯೋ ಹಸಿರೋ ಬಣ್ಣ ಹತ್ತಿರುತ್ತಲ್ಲ, ಅದು ಶಿಲೀಂಧ್ರನಾಶಕ, ಕೀಟನಾಶಕ. ತೊಳೆದರೂ ಪೂರ್ತಿ ಹೋಗುವುದಿಲ್ಲ. ತಿನ್ನುವುದಕ್ಕೆ ಅಂತ ದಿನಸಿ ಅಂಗಡಿಯಲ್ಲಿ ಮಾರುವ ಕಾಳನ್ನೇ ತನ್ನಿ.

ಜೋಳದ ತೆನೆ (ಧಾರವಾಡ ಜಿಲ್ಲೆ)

ಅಕ್ಕಾರ, ಅಡುಗೆನೇ ಮಾಡಬೇಡ್ರಿ. ತೆನೆ ಕಟ್ರಿ.

ನಮ್ಮ ಮನೆ ಪಡಸಾಲೆಯ ಮುಂದೆ ತೊಲೆಗೆ ವರ್ಷಾ ಒಂದು ಸಜ್ಜೆ ತೆನೆಯ ಕಟ್ಟು, ಒಂದು ಜೋಳದ ತೆನೆಯ ಕಟ್ಟು ತೂಗುತ್ತೆ. ಸುಗ್ಗಿಯಲ್ಲಿ ರಾಶಿ ಮಾಡುವ ಮುಂಚೆ ಹತ್ತು ಹನ್ನೆರಡು ಒಳ್ಳೆ ತೆನೆ ತೆಗೆದಿಡುತ್ತೇವೆ. ದಂಟು ಒಂದು ಗೇಣು ಬಿಟ್ಟು ಕೊಯ್ದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಸೆಣಬಿನ ಹುರಿಯಿಂದ ತಲೆಕೆಳಗಾಗಿ ಕಟ್ಟಬೇಕು. ಗುಬ್ಬಿ, ರಾಟವಾಳ ಅದನ್ನು ಹಿಡಿದು ಜೋತುಬಿದ್ದು ಒಂದೊಂದೇ ಕಾಳು ಬಿಡಿಸುತ್ತವೆ. ಕೆಳಗೆ ಉದುರಿದ್ದು ಬೆಳವಕ್ಕ ಆಗುತ್ತೆ.

ನಮ್ಮ ಅಜ್ಜಿ ಹೊಲದಲ್ಲಿ ಅಟ್ಟಣಿಗೆ ಏರಿ ಕವಣೆ ಬೀಸಿ ಹಕ್ಕಿ ಕಾದವಳು. ಹಾಲ್ಗಾಳು ಇದ್ದಾಗ ಒಂದು ಹಕ್ಕಿಯನ್ನೂ ಕೂರಗೊಡುತ್ತಿರಲಿಲ್ಲ. ಅದೇ ಅಜ್ಜಿ ಮನೆಗೆ ತೆನೆ ತಂದು ತಾನೇ ಕಟ್ಟುತ್ತಿದ್ದಳು. ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ (ಭೂಮಿತಾಯಿಗೆ ಇಡುವ ಎಡೆ) ಚೆಲ್ಲಿದಾಗ ಮೊದಲು ಬಂದು ಹೆಕ್ಕೋದು ಹಕ್ಕಿಗಳೇ ಅಲ್ವಾ? ಅವತ್ತು ಯಾರೂ ಕವಣೆ ಮುಟ್ಟುತ್ತಿರಲಿಲ್ಲ.

ಕುಂದಾಪ್ರದ ಕದಿರು

ನಮ್ಮಲ್ಲಿ ಭತ್ತದ ಕದಿರು. ಹೊಸ್ತಿನ ದಿನ ಬಾಗಿಲಿಗೆ ಕಟ್ಟಿದ ಕದಿರನ್ನು ನಾವು ತೆಗೆಯುವ ಮೊದಲೇ ಗುಬ್ಬಿ ಮುಗಿಸಿಯಾಗಿರುತ್ತದೆ ಮಾರಾಯ್ರೆ. ಅದನ್ನು ಯಾರೂ ಓಡಿಸುವುದಿಲ್ಲ.

ಒಂದು ಸಂಶಯ. ಹಸಿ ಅಕ್ಕಿ ತಿಂದರೆ ಹಕ್ಕಿಯ ಹೊಟ್ಟೆಯಲ್ಲಿ ಉಬ್ಬಿ ಸಾಯುತ್ತದೆ ಅಂತ ವಾಟ್ಸಾಪಿನಲ್ಲಿ ಬರುತ್ತದೆ. ನಿಜವಾ ಡಾಕ್ಟ್ರೇ?

ಹಳ್ಳಿ ಪಶುವೈದ್ಯ

ನಿಜ ಅಲ್ಲ. ಗೀಜಗ, ರಾಟವಾಳಗಳು ಭತ್ತದ ಗದ್ದೆಯಲ್ಲೇ ಬದುಕುತ್ತವೆ. ಕಾಳನ್ನು ಅರೆಯುವುದಕ್ಕೇ ಅವುಗಳ ಹೊಟ್ಟೆಯಲ್ಲಿ ಗಟ್ಟಿ ಸ್ನಾಯುವಿನ ಚೀಲ ಇರುತ್ತೆ, ಒಳಗೆ ಸಣ್ಣ ಕಲ್ಲು, ಮರಳು ಇರುತ್ತವೆ. ಅಕ್ಕಿ ನುಚ್ಚು ಆರಾಮಾಗಿ ಹಾಕಿ. ಬೆಂದ ಅನ್ನವನ್ನೂ ಉಪ್ಪಿಲ್ಲದೆ ಸ್ವಲ್ಪ ಇಡಬಹುದು. ಆದರೆ ಬೇಸಿಗೆಯಲ್ಲಿ ಎರಡು ಗಂಟೆ ಕಳೆದ ಮೇಲೆ ತೆಗೆದುಬಿಡಿ, ಹಳಸುತ್ತೆ.

ನಾಲ್ಕನೇ ಮಹಡಿ (ಬೆಂಗಳೂರು)

ನಾನು ಎರಡು ವರ್ಷ ಬಾಲ್ಕನಿಯಲ್ಲಿ ನುಚ್ಚು ಹಾಕಿದೆ. ಗುಬ್ಬಿಗೆ ಅಂತ ಹಾಕಿದ್ದು. ಒಂದೂ ಗುಬ್ಬಿ ಬರಲಿಲ್ಲ. ಬಂದದ್ದೆಲ್ಲಾ ಪಾರಿವಾಳ. ಮೊದಲು ನಾಲ್ಕು, ಆಮೇಲೆ ಮೂವತ್ತು ನಲವತ್ತು. ಎಸಿ ಯೂನಿಟ್ಟಿನ ಹಿಂದೆ ಗೂಡು, ಬಟ್ಟೆ ಒಣಗಿಸುವ ಕಂಬಿ ತುಂಬಾ ಹಿಕ್ಕೆ. ಅಮ್ಮನಿಗೆ ಒಣಕೆಮ್ಮು ಹಿಡಿದು ಮೂರು ತಿಂಗಳು ಬಿಡಲಿಲ್ಲ. ಒಣಗಿದ ಹಿಕ್ಕೆಯ ಧೂಳು ದಿನಾ ಉಸಿರಿಗೆ ಹೋದರೆ ಕೆಲವರಿಗೆ ಶ್ವಾಸಕೋಶ ಊದಿಕೊಳ್ಳುತ್ತೆ ಅಂತ ಡಾಕ್ಟರು ಹೇಳಿದ ದಿನವೇ ತಟ್ಟೆ ತೆಗೆದೆ. ಮುಂಬೈನಲ್ಲಿ 2025ರಲ್ಲಿ ಕಬೂತರಖಾನೆ, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗಗಳನ್ನು ಮುಚ್ಚಿಸುವಾಗಲೂ ಮುಖ್ಯವಾಗಿ ಬಂದ ಮಾತು ಇದೇ.

ಫ್ಲ್ಯಾಟಿನವರಿಗೆ ನನ್ನ ಕೈಮುಗಿದ ಕೋರಿಕೆ: ಅಗಲ ತಟ್ಟೆಯಲ್ಲಿ, ನೆಲದ ಮೇಲೆ ಕಾಳು ಚೆಲ್ಲಬೇಡಿ. ಮೇಲೆ ಧಾರವಾಡದ ಅಣ್ಣ ಹೇಳಿದ ತೆನೆ ನೋಡಿ ಈಗ ಹೊಳೆಯಿತು. ಪಾರಿವಾಳ ತೂಗುವ ತೆನೆಗೆ ಜೋತುಬೀಳಲಾರದು ಅಲ್ವಾ?

ಜೋಳದ ತೆನೆ (ಧಾರವಾಡ ಜಿಲ್ಲೆ)

ಬೀಳಲಾರದು. ಅದರ ಮೈಭಾರಕ್ಕೆ ತೆನೆ ತಿರುಗಿಬಿಡುತ್ತೆ. ಗೋಡೆಗೆ ತಾಗದಂತೆ, ಕಂಬಿಗೆ ಎಟುಕದಂತೆ ಒಂದು ಮೊಳ ದೂರ ತೂಗುಹಾಕ್ರಿ. ಕೆಳಗೆ ಉದುರೋ ಕಾಳು ಮಾತ್ರ ದಿನಾ ಗುಡಿಸ್ರಿ, ಇಲ್ಲಾಂದ್ರ ಅದಕ್ಕ ಪಾರಿವಾಳ ಬರ್ತಾವ.

ರಾಗಿಗಂಜಿ (ಮಂಡ್ಯ)

ಸೀಬೆಮರದ ಅಕ್ಕ, ಉಂಡೆ ಥರಾನೇ ಏನಾದರೂ ಮಾಡಬೇಕು ಅಂತ ಆಸೆ ಇದ್ದರೆ ನಮ್ಮ ಮನೆಯ ಅಚ್ಚು ಮಾಡಿ ನೋಡಿ. ಜಿಡ್ಡಿಲ್ಲ, ಬೆಲ್ಲ ಇಲ್ಲ. ನಾಲ್ಕು ಬೇಸಿಗೆಯಿಂದ ಮಾಡ್ತಿದ್ದೇನೆ.

ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಅರ್ಧ ಲೋಟ ನೀರಿನಲ್ಲಿ ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿ. ಉಪ್ಪು ಹಾಕಬೇಡಿ. ಸೌಟಿನಿಂದ ಬೀಳುವಾಗ ತಡೆದು ತಡೆದು ಬೀಳುವಷ್ಟು ಗಟ್ಟಿಯಾದರೆ ಸಾಕು. ಆರಿದ ಮೇಲೆ ಅದು ಹಿಡಿಯುವಷ್ಟು ಕಾಳು ಕಲಸಿ. ನಾನು ಹಾಕೋದು ಸಿಪ್ಪೆ ಸಮೇತದ ನವಣೆ, ಸಜ್ಜೆ, ಸ್ವಲ್ಪ ಅಕ್ಕಿ ನುಚ್ಚು. ಕಲಸಿದ್ದು ಗಂಜಿಯ ಹಾಗೆ ಕಾಣಬಾರದು. ಕಾಳಿಗೆ ಗಂಜಿ ಬಳಿದ ಹಾಗೆ ಕಾಣಬೇಕು. ಇದನ್ನು ತೆಂಗಿನ ಕರಟಕ್ಕೆ ಒತ್ತಿ ತುಂಬಿ, ಏಪ್ರಿಲ್ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ. ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನಬೇಕು. ಮೆತ್ತಗಿದ್ದರೆ ಒಳಗೆ ಬೂಷ್ಟು ಬರುತ್ತೆ. ಕರಟಕ್ಕೆ ಮೂರು ತೂತು ಕೊರೆದು ಹುರಿ ಪೋಣಿಸಿ ಸ್ವಲ್ಪ ಓರೆಯಾಗಿ ತೂಗುಹಾಕಿ. ಗುಬ್ಬಿ ಕರಟದ ಅಂಚು ಹಿಡಿದು ಕೂತು ಕೆರೆದು ತಿನ್ನುತ್ತೆ.

ಮಳೆಗಾಲದಲ್ಲಿ ಇದು ಆಗಲ್ಲ. ಒಣಗೋದೇ ಇಲ್ಲ. ಜೂನ್ ಬಂದ ಕೂಡಲೇ ನಿಲ್ಲಿಸಿಬಿಡ್ತೇನೆ.

ಸೀಬೆಮರದ ಮನೆ (ತುಮಕೂರು)

ಅಣ್ಣ, ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೀರಿ! ಸಿಪ್ಪೆ ಸಮೇತದ ನವಣೆ ಯಾಕೆ? ಅಂಗಡಿಯಲ್ಲಿ ಈಗ ಸಿಪ್ಪೆ ತೆಗೆದದ್ದೇ ಸಿಗುತ್ತೆ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಆದಮೇಲಂತೂ ಎಲ್ಲಾ ಕಡೆ ಪಾಲಿಶ್ ಮಾಡಿದ ಪ್ಯಾಕೆಟ್ಟೇ.

ರಾಗಿಗಂಜಿ (ಮಂಡ್ಯ)

ಸಿಪ್ಪೆ ಇದ್ದರೆ ಕಾಳು ಬೇಗ ಮುಗ್ಗಲ್ಲ, ಹುಳ ಬೀಳಲ್ಲ. ಹಕ್ಕಿಗೂ ಬಿಡಿಸಿ ತಿನ್ನೋದೇ ಅಭ್ಯಾಸ. ಹತ್ತಿರದಿಂದ ಗುಬ್ಬಿ ಕೊಕ್ಕು ನೋಡಿ. ಕಾಳನ್ನು ಕೊಕ್ಕಿನ ಒಂದು ಪಕ್ಕಕ್ಕೆ ತಂದು, ನಾಲಿಗೆಯಿಂದ ಉರುಳಿಸುತ್ತಾ ಕಚ್ಚುತ್ತೆ. ಕ್ಷಣದಲ್ಲಿ ಹೊಟ್ಟು ಎರಡು ಹೋಳಾಗಿ ಕೊಕ್ಕಿನ ಅಂಚಿನಿಂದ ಜಾರಿ ಬೀಳುತ್ತೆ, ಕಾಳು ಒಳಗೆ. ತಟ್ಟೆಯಲ್ಲಿ ಇಡುವವರು ಒಂದು ನೆನಪಿಡಿ. ತಟ್ಟೆ ತುಂಬಿದೆ ಅನ್ನಿಸುತ್ತೆ, ಅಲ್ಲಿರೋದು ಬರೀ ಹೊಟ್ಟು. ದಿನಾ ಬೆಳಿಗ್ಗೆ ಒಂದು ಸಲ ಉಫ್ ಅಂತ ಊದಿ ನೋಡಿ.

ಲವ್ ಬರ್ಡ್ಸ್ ಕಾಳು ಅಂತ ಮಾರ್ತಾರಲ್ಲ, ಅದರಲ್ಲಿ ಸಿಪ್ಪೆ ಇರುವ ನವಣೆ ಸಿಗುತ್ತೆ. ಬಣ್ಣ ಹಾಕಿದ್ದು ತಗೋಬೇಡಿ.

ಶೇಂಗಾ ಹೊಲ (ಚಳ್ಳಕೆರೆ)

ಕಡಲೆಕಾಯಿ ಬೀಜದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು ಶೇಂಗಾ ಸೀಮೆ, ಹಾಗಾಗಿ ಹೇಳ್ತೇನೆ. ಮಳೆಗೆ ಸಿಕ್ಕಿದ್ದು, ಕಪ್ಪಾಗಿದ್ದು, ಮುಗ್ಗು ವಾಸನೆ ಬಂದದ್ದು, ಮುರುಟಿದ್ದು ಮನೆಯಲ್ಲಿ ಆರಿಸಿ ತೆಗೆದಿಡ್ತಾರೆ. ನಾವು ತಿನ್ನಲ್ಲ, ಹಕ್ಕಿಗಾದರೂ ಆಗಲಿ ಅಂತ ಹಾಕ್ತಾರೆ. ಹಾಗೆ ಮಾಡಬೇಡಿ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ಅದು ಜಗತ್ತಿಗೆ ಗೊತ್ತಾಗಿದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು 1 ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿ ಸತ್ತವು. ಯಾಕೆ ಸತ್ತವು ಅಂತ ಹುಡುಕುತ್ತಾ ಹೋದಾಗ ಸಿಕ್ಕ ವಿಷ ಇದು. ಹುರಿದರೂ ಪೂರ್ತಿ ಹೋಗಲ್ಲ.

ಮಕ್ಕಳ ಕೈಗೆ ಕೊಡುವಂಥ ಬೀಜ ಇದ್ದರೆ ಮಾತ್ರ ಹಕ್ಕಿಗೆ ಹಾಕಿ. ಉಪ್ಪಿಲ್ಲದೆ, ತರಿತರಿಯಾಗಿ ಕುಟ್ಟಿ, ಒಂದು ಚಮಚ.

ನ್ಯೂಜೆರ್ಸಿ ಅಡುಗೆಮನೆ

ಆ ವಿಡಿಯೋದಲ್ಲಿ ಇದ್ದ ಥರದ ಉಂಡೆ ನಾನು ಪ್ರತೀ ಚಳಿಗಾಲ ಮಾಡುವವಳು. ಮೂಲ ಊರು ಹಾಸನ. ಅದಕ್ಕೇ ಎರಡೂ ಕಡೆ ನೋಡಿ ಬರೆಯುತ್ತಿದ್ದೇನೆ.

ಇಲ್ಲಿ ಜನವರಿಯಲ್ಲಿ ನೀರು ಬಕೆಟ್ಟಿನಲ್ಲೇ ಕಲ್ಲಾಗುತ್ತೆ. ಹುಳ ಇಲ್ಲ, ಹಣ್ಣಿಲ್ಲ, ಹಗಲು ಚಿಕ್ಕದು. ಒಂದು ಹಿಡಿಯಷ್ಟೂ ಇಲ್ಲದ ಚಿಕಡೀ ಹಕ್ಕಿ ರಾತ್ರಿ ಪೂರ್ತಿ ಮೈ ಬಿಸಿ ಇಟ್ಟುಕೊಳ್ಳಬೇಕು, ಅದಕ್ಕೆ ಕೊಬ್ಬು ಬೇಕು. ಅಂಗಡಿಯಲ್ಲಿ ಸಿಗುವ ಸ್ಯೂಟ್ ಅಂದರೆ ದನದ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬು. ನಮ್ಮ ಮನೆಯಲ್ಲಿ ಅದನ್ನು ತರುವುದಿಲ್ಲ. ಉಪ್ಪು, ಸಕ್ಕರೆ ಇಲ್ಲದ ಕಡಲೆಕಾಯಿ ಬೆಣ್ಣೆ ಒಂದು ಪಾಲು, ಮೆಕ್ಕೆಜೋಳದ ರವೆ ನಾಲ್ಕೈದು ಪಾಲು, ಮುರಿದ ಸೂರ್ಯಕಾಂತಿ ಬೀಜ ಸೇರಿಸಿ ಪುಡಿಪುಡಿಯಾಗುವ ಹಾಗೆ ಕಲಸಿ ಪೈನ್ ಕಾಯಿಯ ಸಂದಿಗೆ ತುಂಬುತ್ತೇನೆ. ಪುಟ್ಟ ಮರಕುಟಿಗ ಒಂದು ಬಂದು ತಲೆಕೆಳಗಾಗಿ ನೇತಾಡಿ ತಿನ್ನುತ್ತೆ.

ಅಳಿಲು ತಿನ್ನದಿರಲಿ ಅಂತ ಇದಕ್ಕೆ ಮೆಣಸಿನಪುಡಿ ಬೆರೆಸುತ್ತಾರೆ ಇಲ್ಲಿ. ಹಕ್ಕಿಗೆ ಖಾರ ಗೊತ್ತಾಗುವುದೇ ಇಲ್ಲ, ಅಳಿಲಿಗೆ ಗೊತ್ತಾಗುತ್ತೆ. ನಮ್ಮೂರಲ್ಲಿ ಗಿಳಿ ಹಸಿಮೆಣಸಿನಕಾಯಿ ತಿನ್ನೋದು ನೋಡಿದ್ದೀರಲ್ಲ, ಅದಕ್ಕೇ. ಆದರೆ ನಮ್ಮ ಕಡೆ ತಾರಸಿಯಲ್ಲಿ ಮಕ್ಕಳು ಓಡಾಡುತ್ತವೆ, ಗಾಳಿಗೆ ಕಣ್ಣಿಗೆ ಬೀಳುತ್ತೆ, ಬೇಡ.

ವಸಂತ ಬಂತು ಅಂದರೆ ಇದೆಲ್ಲಾ ಒಳಗಿಡುತ್ತೇನೆ. ಬಿಸಿಲಿಗೆ ಕರಗುತ್ತೆ, ಕರಡಿ ಬೇರೆ ಬರುತ್ತೆ. ಇನ್ನೊಂದು ಮುಖ್ಯ ಮಾತು ರೋಗದ್ದು. 2021ರಲ್ಲಿ ಇಲ್ಲಿ ಕಾಡುಹಕ್ಕಿಗಳಿಂದ ಜನರಿಗೂ ಸಾಲ್ಮೊನೆಲ್ಲಾ ಹರಡಿತ್ತು. ಒಂದೇ ತಟ್ಟೆಯಲ್ಲಿ ಹತ್ತಾರು ಹಕ್ಕಿ ತಿಂದು ಅಲ್ಲೇ ಹಿಕ್ಕೆ ಹಾಕುತ್ತವೆ. ವಾರಕ್ಕೊಂದು ಸಲ ಬಿಸಿನೀರು, ಸೋಪು ಹಾಕಿ ತಿಕ್ಕಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಇಡಿ. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮೈ ಉಬ್ಬಿಸಿಕೊಂಡು, ಹತ್ತಿರ ಹೋದರೂ ಹಾರದೆ ಕೂತ ಹಕ್ಕಿ ಕಂಡರೆ ಎರಡು ವಾರ ಊಟ ಇಡೋದೇ ನಿಲ್ಲಿಸಿ. ಅವು ಚದುರಿಹೋಗುವುದೇ ಒಳ್ಳೆಯದು.

ಕುಂದಾಪ್ರದ ಕದಿರು

ಅವರಲ್ಲಿ ಸಕ್ಕರೆ ನೀರು ಇಡುತ್ತಾರಲ್ಲ, ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು. ನಮ್ಮ ಸೂರಕ್ಕಿಗೆ ಇಡಬಹುದಾ?

ನ್ಯೂಜೆರ್ಸಿ ಅಡುಗೆಮನೆ

ಅದು ಹಮ್ಮಿಂಗ್‌ಬರ್ಡಿಗೆ. ಆ ಹಕ್ಕಿ ಅಮೆರಿಕ ಖಂಡಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ನಮ್ಮೂರ ಸೆಕೆಗೆ ಸಕ್ಕರೆ ನೀರು ಒಂದೇ ದಿನಕ್ಕೆ ಹುಳಿ ಬರುತ್ತೆ, ಇರುವೆ ಮುತ್ತುತ್ತೆ. ಹಾಸನದ ಮನೆಯಲ್ಲಿ ಅಮ್ಮ ದಾಸವಾಳ, ಕೇಪಳ ಬೆಳೆಸಿದ್ದಾರೆ. ಸೂರಕ್ಕಿ ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ. ಕೇಪಳದ ಹಣ್ಣಿಗೆ ಪಿಕಳಾರವೂ ಬರುತ್ತೆ.

ಹಳ್ಳಿ ಪಶುವೈದ್ಯ

ಗುಬ್ಬಿ ವಿಷಯದಲ್ಲಿ ಒಂದನ್ನು ಯಾರೂ ಮರೆಯಬಾರದು. ದೊಡ್ಡ ಗುಬ್ಬಿ ಕಾಳು ತಿನ್ನುತ್ತೆ, ಮರಿಗೆ ಮೊದಲ ದಿನಗಳಲ್ಲಿ ಬೇಕಾಗಿರೋದು ಹುಳ. ಮೆತ್ತನೆ ಹಸಿರು ಹುಳ, ಗಿಡಹೇನು, ಜೇಡ. ನಾವು ತಾರಸಿ ತುಂಬಾ ನವಣೆ ಇಟ್ಟು, ಕೆಳಗೆ ಬದನೆ ಗಿಡಕ್ಕೆ ಔಷಧಿ ಹೊಡೆದರೆ ಮರಿ ಉಳಿಯಲ್ಲ. ಪ್ರತೀ ವರ್ಷ ಮಾರ್ಚ್ 20ಕ್ಕೆ ಗುಬ್ಬಿ ದಿನ ಅಂತ ಮರದ ಗೂಡು ಹಂಚುತ್ತಾರೆ, ಸಂತೋಷ. ಅದರ ಜೊತೆ ನಾಲ್ಕು ಕುಂಡದಲ್ಲಿ ಮೆಂತ್ಯ, ಕೊತ್ತಂಬರಿ, ದಂಟು ಹಾಕಿ ಔಷಧಿ ಹೊಡೆಯದೆ ಬಿಡಿ.

ಗೊರವಂಕ, ಮಡಿವಾಳ ಹಕ್ಕಿ, ಹರಟೆಮಲ್ಲಗಳಿಗೂ ಹುಳವೇ ಇಷ್ಟ. ಮನೆಯಲ್ಲಿ ಮಾಡಿಡುವುದಾದರೆ ಒಂದು ಬೇಯಿಸಿದ ಮೊಟ್ಟೆ, ಎರಡು ಚಮಚ ಹುರಿಗಡಲೆ ಪುಡಿ, ಅರ್ಧ ಬಾಳೆಹಣ್ಣು ಸೇರಿಸಿ ಉದುರು ಉದುರಾಗಿ ಕಿವುಚಿ ಇಡಿ. ಒಂದು ಹೊತ್ತಿಗೆ ತಿಂದು ಮುಗಿಸುವಷ್ಟೇ. ಮೊಟ್ಟೆ ಚಿಪ್ಪನ್ನು ತೊಳೆದು, ಹೆಂಚಿನ ಮೇಲೆ ಚೆನ್ನಾಗಿ ಹುರಿದು ಪುಡಿ ಮಾಡಿ ಪಕ್ಕದಲ್ಲಿಡಿ. ಮೊಟ್ಟೆ ಇಡುವ ಕಾಲದಲ್ಲಿ ಹೆಣ್ಣು ಹಕ್ಕಿಗಳಿಗೆ ಸುಣ್ಣದ ಅಂಶ ಬೇಕಾಗುತ್ತೆ.

ಸೀಬೆಮರದ ಮನೆ (ತುಮಕೂರು)

ಹಣ್ಣು ಇಟ್ಟರೆ ಕೋತಿ ಬರುತ್ತೆ. ಪಪ್ಪಾಯಿ ಇಟ್ಟ ದಿನ ಐದು ಕೋತಿ ಬಂದು ನೀರಿನ ತೊಟ್ಟಿಯ ಮುಚ್ಚಳವನ್ನೇ ಕಿತ್ತು ಹಾಕಿದವು. ಪಿಕಳಾರಕ್ಕೆ ಏನು ಮಾಡಲಿ?

ಶೇಂಗಾ ಹೊಲ (ಚಳ್ಳಕೆರೆ)

ಪಕ್ಕದ ಸೈಟಿನಲ್ಲಿ ಗಸಗಸೆ ಹಣ್ಣಿನ ಮರ ಇದೆ ಅಂದಿರಲ್ಲ. ಪಿಕಳಾರಕ್ಕೆ, ಕುಟ್ರುಹಕ್ಕಿಗೆ ಅದಕ್ಕಿಂತ ಒಳ್ಳೆ ಊಟ ಇಲ್ಲ. ಹಣ್ಣು ವರ್ಷಪೂರ್ತಿ ಬಿಡುತ್ತೆ, ರಾತ್ರಿ ಬಾವಲಿಗೂ ಆಗುತ್ತೆ. ಬೇಸಿಗೆಯಲ್ಲಿ ಬುಡಕ್ಕೆ ಎರಡು ಬಿಂದಿಗೆ ನೀರು ಹಾಕಿ, ಸೈಟಿನವರು ಕಡಿಯದಂತೆ ಮಾತಾಡಿ ಇಟ್ಟುಕೊಳ್ಳಿ. ತಾರಸಿಯಲ್ಲಿ ಹಣ್ಣು ಬೇಡ.

ನಾಲ್ಕನೇ ಮಹಡಿ (ಬೆಂಗಳೂರು)

ನೀರಿನ ಬಗ್ಗೆ. ಮಣ್ಣಿನ ತಟ್ಟೆ, ಆಳ ಎರಡು ಬೆರಳು, ನೆರಳಿನಲ್ಲಿ, ಮಧ್ಯೆ ಒಂದು ಒರಟು ಕಲ್ಲು. ದಿನಾ ಚೆಲ್ಲಿ ಬೇರೆ ಹಾಕಿ. ಸುಮ್ನೆ ಮೇಲಿಂದ ತುಂಬಿಸಬೇಡಿ, ಅಂಚನ್ನು ತೆಂಗಿನ ನಾರಿನಿಂದ ತಿಕ್ಕಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ನೀರಿನ ಗೆರೆಯ ಮೇಲೆ, ಅಂಚಿಗೆ ಅಂಟಿಸಿ. ಒಣಗಿದರೂ ಅವು ಸಾಯುವುದಿಲ್ಲ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಕ್ಕಿ ತಟ್ಟೆಗಳನ್ನೆಲ್ಲಾ ತೆಗೆಸಿಬಿಟ್ಟರು. ದಿನಾ ತೊಳೆಯುವವರ ತಟ್ಟೆಯೂ ಹೋಯಿತು.

ಸೀಬೆಮರದ ಮನೆ (ತುಮಕೂರು)

ಹದಿನೆಂಟು ದಿನ ಆಯಿತು, ಬಂದು ಹೇಳೋಣ ಅಂತ.

ಮಂಡ್ಯದ ಅಣ್ಣನ ಅಚ್ಚು ಎರಡು ಕರಟ ಮಾಡಿದೆ. ಮೊದಲನೆಯದು ಒಂದೇ ದಿನ ಒಣಗಿಸಿ ಅವಸರ ಮಾಡಿದೆ, ನಡುವೆ ಬೂಷ್ಟು ಬಂತು, ಮಣ್ಣಿನಲ್ಲಿ ಹೂತುಬಿಟ್ಟೆ. ಎರಡನೆಯದು ಟಕ್ ಟಕ್ ಅಂದ ಮೇಲೇ ಕಟ್ಟಿದೆ. ಮೂರು ದಿನ ಯಾರೂ ಮುಟ್ಟಲಿಲ್ಲ. ನಾಲ್ಕನೇ ದಿನ ಒಂದು ಗಂಡು ಗುಬ್ಬಿ ಕರಟದ ಅಂಚಿಗೆ ಬಂದು ಕೂತಿತು. ಕರಟ ತಿರುಗಿತು, ಹಾರಿಹೋಯಿತು. ಮತ್ತೆ ಬಂತು. ಹುರಿಯನ್ನು ಮೂರು ಕಡೆಯಿಂದ ಬಿಗಿಯಾಗಿ ಕಟ್ಟಿದ ಮೇಲೆ ಈಗ ಐದು ಒಟ್ಟಿಗೆ ಕೂರುತ್ತವೆ. ಇರುವೆಗೆ ಹುರಿಯ ನಡುವೆ ಒಂದು ನೀರಿನ ಬಟ್ಟಲು ಕೊಟ್ಟಿದ್ದೇನೆ, ಇರುವೆ ಅದನ್ನು ದಾಟುತ್ತಿಲ್ಲ.

ಆ ಹೆಣ್ಣು ಗುಬ್ಬಿ ಬಂತಾ ಅಂತ ಕೇಳಬೇಡಿ. ಹೆಣ್ಣು ಗುಬ್ಬಿಗಳೆಲ್ಲಾ ಒಂದೇ ಥರ ಕಾಣುತ್ತವೆ. ಎದೆ ಗರಿ ಕೆಟ್ಟದ್ದು ಮಾತ್ರ ಯಾವುದೂ ಇಲ್ಲ. ದಿನಾ ಒಂದೊಂದನ್ನೇ ನೋಡುತ್ತೇನೆ.

ಈಗ ಒಂದು ಪ್ರಶ್ನೆ. ಮಗಳ ಬಾಣಂತನಕ್ಕೆ ಮುಂದಿನ ವಾರ ಶಿವಮೊಗ್ಗಕ್ಕೆ ಹೊರಟಿದ್ದೇನೆ, ಎರಡು ತಿಂಗಳು. ಇದ್ದಕ್ಕಿದ್ದಂತೆ ಊಟ ನಿಂತರೆ ಅವಕ್ಕೆ ತೊಂದರೆ ಆಗುತ್ತಾ?

ಹಳ್ಳಿ ಪಶುವೈದ್ಯ

ಆಗಲ್ಲ ಮೇಡಂ, ನಿಶ್ಚಿಂತೆಯಿಂದ ಹೋಗಿ ಬನ್ನಿ. ನಿಮ್ಮ ಕರಟ ಅವುಗಳ ದಿನದ ಊಟದಲ್ಲಿ ಒಂದು ಪಾಲು ಅಷ್ಟೇ. ಮಳೆ ಶುರುವಾದರೆ ಹುಲ್ಲಿನ ಬೀಜ, ಈಸುಳ್ಳಿ, ಹುಳ ಎಲ್ಲಾ ಸಿಗುತ್ತೆ. ಈ ವಾರ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಬನ್ನಿ. ಹೊರಡುವ ದಿನ ಕರಟ ಇಳಿಸಿ ತೊಳೆದಿಡಿ, ಮಳೆಗೆ ನೆನೆಯಲು ಬಿಡಬೇಡಿ. ಮಳೆ ಹಿಡಿಯುವವರೆಗೆ ನೀರು ಹಾಕುವುದಕ್ಕೆ ಯಾರಾದರೂ ಇದ್ದರೆ ಸಾಕು.

ಸೀಬೆಮರದ ಮನೆ (ತುಮಕೂರು)

ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಒಪ್ಪಿಕೊಂಡಿದ್ದಾಳೆ. ಮೆಟ್ಟಿಲು ಹೊರಗಡೆಯಿಂದಲೇ ಇದೆ. ತೆಂಗಿನ ನಾರು ಕೊಟ್ಟು, ಅಂಚು ಹೇಗೆ ತಿಕ್ಕಬೇಕು ಅಂತ ಇವತ್ತು ಸಂಜೆ ತೋರಿಸಿಕೊಟ್ಟೆ.